ಜೈಲಿನ ಗೇಟಿನಿಂದ ಮನೆ ಬಾಗಿಲವರೆಗೆ: ಅಮೆರಿಕದ ಕರೆಕ್ಷನಲ್ ಆಫೀಸರ್‌ಗೆ ಗನ್ ಕಾನೂನಿನ ವಿನಾಯಿತಿ ಎಷ್ಟು?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ಅಮೆರಿಕದ ಸಿಟಿಜನ್. ಮೂರು ವರ್ಷದಿಂದ ಕ್ಯಾಲಿಫೋರ್ನಿಯಾದ ಒಂದು ಸ್ಟೇಟ್ ಜೈಲಿನಲ್ಲಿ ಕರೆಕ್ಷನಲ್ ಆಫೀಸರ್ ಆಗಿದ್ದಾನೆ. ಡ್ಯೂಟಿ ಇಲ್ಲದಾಗಲೂ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡೇ ಹೊರಗೆ ಹೋಗುತ್ತಾನೆ. ಕೇಳಿದರೆ, “ಅಪ್ಪಾ, ನಮಗೆ ಗನ್ ಕಾನೂನಿನಿಂದ ವಿನಾಯಿತಿ ಇದೆ, ಐವತ್ತೂ ರಾಜ್ಯಕ್ಕೆ ನಡೆಯುತ್ತೆ” ಅನ್ನುತ್ತಾನೆ. ಮುಂದಿನ ತಿಂಗಳು ನಾನೂ ನನ್ನ ಹೆಂಡತಿಯೂ ವಿಸಿಟರ್ ವೀಸಾದಲ್ಲಿ ಹೋಗುತ್ತಿದ್ದೇವೆ. ಕಾರಿನಲ್ಲಿ ಲಾಸ್ ವೇಗಸ್, ಹೂವರ್ ಡ್ಯಾಮ್, ಗ್ರ್ಯಾಂಡ್ ಕ್ಯಾನ್ಯನ್ ತೋರಿಸುತ್ತಾನಂತೆ. ಶೂಟಿಂಗ್ ರೇಂಜಿಗೂ ಕರೆದುಕೊಂಡು ಹೋಗುತ್ತಾನಂತೆ. ಇನ್ನೊಂದು ವಿಷಯ. ಅಲ್ಲೇ ಇರುವ ನನ್ನ ತಂಗಿಯ ಮಗ, ಸಾಮಾನ್ಯರಿಗೆ ಅಂಗಡಿಯಲ್ಲಿ ಸಿಗದ ಪಿಸ್ತೂಲೊಂದನ್ನು ನನ್ನ ಮಗನ ಹೆಸರಲ್ಲಿ ತರಿಸಿಕೊಳ್ಳುವ ಯೋಚನೆಯಲ್ಲಿದ್ದಾನೆ. ಇದೆಲ್ಲ ಸರಿಯೇ? ಮಗ ಏನಾದರೂ ತೊಂದರೆಗೆ ಸಿಕ್ಕಿಕೊಳ್ಳುತ್ತಾನಾ?

ಉತ್ತರ:

ಮೇಷ್ಟ್ರೇ, ನೀವು ಮಗನ ಚಿಂತೆಯಲ್ಲಿ ಬರೆದಿದ್ದೀರಿ. ನಾನು ನಿಮ್ಮಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ಪತ್ರದಲ್ಲಿ ಮೊದಲು ಎಡವುವವರು ನೀವೇ.

ಶೂಟಿಂಗ್ ರೇಂಜ್ ಬೇಡ. ವಿಸಿಟರ್ ವೀಸಾದಲ್ಲಿ ಬಂದವರು ಗನ್ನನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎಂದು ಅಮೆರಿಕದ ಫೆಡರಲ್ ಕಾನೂನು, ಅಂದರೆ ಕೇಂದ್ರ ಸರ್ಕಾರದ ಕಾನೂನು, 1998ರಿಂದ ಹೇಳುತ್ತಿದೆ. ಆ ಕಾನೂನಿನಲ್ಲಿ “ಇಟ್ಟುಕೊಳ್ಳುವುದು” ಅಂದರೆ ಕೊಂಡು ಮನೆಗೆ ತರುವುದು ಮಾತ್ರ ಅಲ್ಲ. ರೇಂಜಿನಲ್ಲಿ ಮಗನ ಪಿಸ್ತೂಲನ್ನು ಐದು ನಿಮಿಷ ಕೈಗೆ ತೆಗೆದುಕೊಂಡು ನಾಲ್ಕು ಗುಂಡು ಹಾರಿಸಿದರೂ ಅದು ನಿಮ್ಮ ವಶದಲ್ಲಿ ಇದ್ದ ಹಾಗೆಯೇ. ಒಂದು ಹೊರಬಾಗಿಲು ಇದೆ: ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇರುವ ವಿಸಿಟರ್‌ಗೆ ಇದು ಅನ್ವಯಿಸುವುದಿಲ್ಲ. ನೀವು ಬೇಟೆಗೆ ಹೊರಟಿಲ್ಲ ಅಲ್ವಾ? ಹಾಗಾದರೆ ಮಗ ಗುರಿ ಇಡುವುದನ್ನು ಗಾಜಿನ ಹಿಂದೆ ನಿಂತು ನೋಡಿ. ಫೋಟೋಗೆಂದೂ ಕೈಗೆ ತೆಗೆದುಕೊಳ್ಳಬೇಡಿ. ಆ ಫೋಟೋ ಮುಂದೊಂದು ದಿನ ವೀಸಾ ಆಫೀಸರ ಮೇಜಿನ ಮೇಲೆ ಬಂದರೆ ವಿವರಣೆ ಕೊಡುವುದು ಕಷ್ಟ. ಇನ್ನೂ ಒಂದು ಮಾತು. ಮಗ ಡ್ಯೂಟಿಗೆ ಹೋಗುವಾಗ ಗನ್ ಸೇಫಿನ ನಂಬರ್ ನಿಮಗೆ ಹೇಳಿ ಹೋಗದಿರಲಿ. ಕೀಲಿ ಯಾರ ಕೈಯಲ್ಲಿದೆಯೋ ಗನ್ ಅವರ ವಶದಲ್ಲಿದೆ ಎಂದು ವಾದ ಮಾಡಲು ಸರ್ಕಾರಿ ವಕೀಲರಿಗೆ ಜಾಸ್ತಿ ಕಷ್ಟವಿಲ್ಲ. ಮಗನಿಗಿರುವ ಯಾವ ವಿನಾಯಿತಿಯೂ ಅಪ್ಪ ಅಮ್ಮನಿಗೆ ಅಂಟುವುದಿಲ್ಲ.

ಇನ್ನು ಮಗನ ವಿಷಯ. ಅವನು ಹೇಳಿದ್ದು ಅರ್ಧ ನಿಜ. ಉಳಿದರ್ಧದಲ್ಲಿ ಜನ ಕೆಲಸ ಕಳೆದುಕೊಂಡಿದ್ದಾರೆ.

ಮೊದಲು ಒಂದು ಗೊಂದಲ ಬಿಡಿಸೋಣ. ಜೈಲಿನ ಆಫೀಸರ್ ಅಂದರೆ ಒಳಗೆಲ್ಲ ಗನ್ ಹಿಡಿದು ಓಡಾಡುತ್ತಾನೆ ಅಂತ ನಮ್ಮ ಕಲ್ಪನೆ. ಅದು ತಲೆಕೆಳಗು. ಖೈದಿಗಳ ನಡುವೆ ಓಡಾಡುವವರ ಹತ್ತಿರ ಗನ್ ಇರುವುದಿಲ್ಲ. ಒಬ್ಬನ ಸುತ್ತ ನೂರು ಜನ ಇರುವ ಕಡೆ ಗನ್ ಇದ್ದರೆ, ಅದು ಯಾವ ಗಳಿಗೆಯಲ್ಲಿ ಯಾರ ಕೈಗೆ ಹೋಗುತ್ತದೋ ಹೇಳಲಾಗುವುದಿಲ್ಲ. ಗನ್ ಇರುವುದು ಹೊರಸುತ್ತಿನ ಟವರುಗಳಲ್ಲಿ, ಖೈದಿಯನ್ನು ಆಸ್ಪತ್ರೆಗೋ ಕೋರ್ಟಿಗೋ ಒಯ್ಯುವ ವ್ಯಾನಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಬ್ಯಾರಕ್ಕಿನ ಮೇಲ್ಭಾಗದ ಕಂಟ್ರೋಲ್ ಬೂತ್‌ನಲ್ಲೂ ಗನ್ ಹಿಡಿದ ಒಬ್ಬರು ಕೂತಿರುತ್ತಾರೆ. ಕೆಳಗೆ ಖೈದಿಗಳ ಜೊತೆ ಇರುವವರ ಸೊಂಟದಲ್ಲಿ ಬೇಡಿ, ವಾಕಿಟಾಕಿ, ಪೆಪ್ಪರ್ ಸ್ಪ್ರೇಯಂಥವು ಅಷ್ಟೇ. ಹಾಗಾದರೆ ಮನೆಗೆ ಹೋಗುವಾಗ ಗನ್ ಯಾಕೆ?

ಇದಕ್ಕೆ 2013ರ ಮೂರು ವಾರಗಳ ಕತೆ ಹೇಳಬೇಕು.

ಆ ವರ್ಷ ಫೆಬ್ರವರಿ 25ರಂದು ಪೆನ್ಸಿಲ್ವೇನಿಯಾದ ಕೆನಾನ್ ಫೆಡರಲ್ ಜೈಲಿನಲ್ಲಿ ಎರಿಕ್ ವಿಲಿಯಮ್ಸ್ ಎಂಬ ಆಫೀಸರನ್ನು ಖೈದಿಯೊಬ್ಬ ಇರಿದು ಕೊಂದ. ಇಡೀ ಬ್ಯಾರಕ್ಕನ್ನು ವಿಲಿಯಮ್ಸ್ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಆಗ ಫೆಡರಲ್ ಆಫೀಸರುಗಳಿಗೆ ಪೆಪ್ಪರ್ ಸ್ಪ್ರೇ ಕೂಡ ಎಲ್ಲ ಕಡೆ ಕೊಡುತ್ತಿರಲಿಲ್ಲ. ಮರುದಿನವೇ, ಫೆಬ್ರವರಿ 26ರಂದು, ಪೋರ್ಟೊ ರಿಕೊದ ಗ್ವಾಯ್ನಾಬೊ ಜೈಲಿನ ಲೆಫ್ಟಿನೆಂಟ್ ಓಸ್ವಾಲ್ಡೊ ಅಲ್ಬರಾತಿ ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದರು. ದಾರಿಯಲ್ಲೇ ಅವರ ಕಾರಿಗೆ ಗುಂಡು ಹೊಡೆದು ಕೊಂದರು. ಜೈಲಿನೊಳಗೆ ಕದ್ದು ಸಾಗುತ್ತಿದ್ದ ಮೊಬೈಲುಗಳನ್ನು ಹಿಡಿಯುತ್ತಿದ್ದರು ಅನ್ನುವುದೇ ಅವರ ತಪ್ಪು. ಒಳಗಿದ್ದವರು ಹೊರಗಿನವರಿಗೆ ಸುಪಾರಿ ಕೊಟ್ಟಿದ್ದರು. ಮಾರ್ಚ್ 19ಕ್ಕೆ ಕೊಲರಾಡೊ ರಾಜ್ಯದ ಜೈಲು ಇಲಾಖೆಯ ಮುಖ್ಯಸ್ಥ ಟಾಮ್ ಕ್ಲೆಮೆಂಟ್ಸ್ ತಮ್ಮ ಮನೆಯ ಬಾಗಿಲು ತೆರೆದರು. ಪೆರೋಲಿನ ಮೇಲೆ ಹೊರಬಂದಿದ್ದ ಒಬ್ಬ ಅಲ್ಲೇ ಅವರನ್ನು ಗುಂಡಿಟ್ಟು ಕೊಂದ.

ಒಬ್ಬರು ಜೈಲಿನೊಳಗೆ, ಒಬ್ಬರು ದಾರಿಯಲ್ಲಿ, ಒಬ್ಬರು ಮನೆ ಬಾಗಿಲಲ್ಲಿ. ಮೊದಲನೆಯ ಸಾವಿನಿಂದ 2016ರಲ್ಲಿ ಒಂದು ಕಾನೂನು ಬಂತು: ಫೆಡರಲ್ ಆಫೀಸರುಗಳಿಗೆ ಪೆಪ್ಪರ್ ಸ್ಪ್ರೇ. ಎರಡನೆಯದರಿಂದ 2018ರ ಡಿಸೆಂಬರಿನಲ್ಲಿ ಇನ್ನೊಂದು ಬಂತು. ಫೆಡರಲ್ ಜೈಲಿನ ಸಿಬ್ಬಂದಿ ತಮ್ಮ ಸ್ವಂತ ಗನ್ನನ್ನು ಇಡಲು ಜೈಲಿನ ಸುತ್ತುಗೋಡೆಯ ಹೊರಗೆ ಭದ್ರವಾದ ಜಾಗ ಕೊಡಬೇಕು, ಇಲ್ಲವೇ ಕಾರಿನಲ್ಲಿ ಲಾಕ್ ಪೆಟ್ಟಿಗೆಯಲ್ಲಿ ಇಡಲು ಬಿಡಬೇಕು. ಈ ಕಾನೂನಿಗೆ ಅಲ್ಬರಾತಿಯವರದೇ ಹೆಸರು. ಎಂಥ ಸಣ್ಣ ವಿಷಯಕ್ಕೆ ಕಾನೂನು ಬೇಕಾಯಿತು ನೋಡಿ. ಗನ್ ಇಟ್ಟುಕೊಳ್ಳುವ ಹಕ್ಕು ಅವರಿಗೆ ಮೊದಲೇ ಇತ್ತು. ಆದರೆ ಕೆಲಸಕ್ಕೆ ಬಂದಾಗ ಅದನ್ನು ಇಡಲು ಜಾಗವಿಲ್ಲ, ಜೈಲಿನ ಪಾರ್ಕಿಂಗ್‌ಗೂ ತರುವ ಹಾಗಿಲ್ಲ. ಹಾಗಾಗಿ ಮನೆಯಿಂದ ಜೈಲಿಗೆ, ಜೈಲಿನಿಂದ ಮನೆಗೆ ಬರಿಗೈ. ಹಕ್ಕು ಇತ್ತು, ಒಂದು ಲಾಕರ್ ಇರಲಿಲ್ಲ.

ನಿಮ್ಮ ಮಗ ಸೊಂಟದಲ್ಲಿ ಪಿಸ್ತೂಲು ಇಡುವುದು ಈ ದಾರಿಗಾಗಿ. ಅದನ್ನು ದರ್ಪ ಅಂತ ತಿಳಿಯಬೇಡಿ. ಸೂಪರ್‌ಮಾರ್ಕೆಟ್ಟಿನಲ್ಲಿ ಟೊಮೇಟೊ ಆರಿಸುವಾಗ ಹಿಂದಿನಿಂದ “ನಮಸ್ಕಾರ ಸಾರ್, ಗುರುತು ಸಿಕ್ತಾ?” ಅಂತ ಹಳೆ ಖೈದಿಯೊಬ್ಬ ಕೇಳಿದ ಅನುಭವ ಈ ಕೆಲಸದಲ್ಲಿ ತುಂಬಾ ಜನರಿಗಿದೆ. ಹತ್ತರಲ್ಲಿ ಒಂಬತ್ತು ಸಲ ಅದು ಬರೀ ನಮಸ್ಕಾರವೇ.

ಈಗ ಐವತ್ತು ರಾಜ್ಯದ ಮಾತು. ಅಮೆರಿಕದಲ್ಲಿ ಗನ್ ಬಚ್ಚಿಟ್ಟುಕೊಂಡು ಓಡಾಡುವ ನಿಯಮ ಆಯಾ ರಾಜ್ಯದ್ದು. ಒಂದು ರಾಜ್ಯದ ಲೈಸೆನ್ಸ್ ಪಕ್ಕದ ರಾಜ್ಯದಲ್ಲಿ ನಡೆಯದೇ ಇರಬಹುದು. ಪೊಲೀಸರಿಗೂ ಇದೇ ತಲೆನೋವಿತ್ತು. ಅದಕ್ಕಾಗಿ 2004ರ ಜುಲೈ 22ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು ಬುಷ್ ಒಂದು ಕಾನೂನಿಗೆ ಸಹಿ ಹಾಕಿದರು. ಅದರ ಉದ್ದನೆಯ ಹೆಸರನ್ನು ಯಾರೂ ಹೇಳುವುದಿಲ್ಲ, ಎಲ್ಲರೂ ಲಿಯೋಸಾ ಅನ್ನುತ್ತಾರೆ. ಅರ್ಹ ಅಧಿಕಾರಿಯೊಬ್ಬ ತನ್ನ ಇಲಾಖೆಯ ಫೋಟೋ ಗುರುತುಚೀಟಿ ಜೊತೆಗಿಟ್ಟುಕೊಂಡರೆ, ಯಾವ ರಾಜ್ಯದ ಕಾನೂನು ಏನೇ ಹೇಳಲಿ, ಗನ್ ಬಚ್ಚಿಟ್ಟುಕೊಂಡು ಓಡಾಡಬಹುದು. ನಿಮ್ಮ ಮಗ ಹೇಳಿದ್ದು ಇದನ್ನೇ.

“ಅರ್ಹ” ಅನ್ನುವ ಒಂದು ಪದದಲ್ಲಿ ಎಲ್ಲ ತಕರಾರೂ ಅಡಗಿದೆ. ಕಾನೂನು ಕೇಳುವುದನ್ನು ಒಂದೊಂದಾಗಿ ನೋಡಿ. ಆತ ಸರ್ಕಾರಿ ಇಲಾಖೆಯ ನೌಕರನಾಗಿರಬೇಕು. ಅಪರಾಧ ತಡೆಯುವ, ತನಿಖೆ ಮಾಡುವ, ಇಲ್ಲವೇ ಅಪರಾಧಿಗಳನ್ನು ಸೆರೆಯಲ್ಲಿಡುವ ಅಧಿಕಾರ ಇರಬೇಕು. ಇಲ್ಲಿ “ಸೆರೆಯಲ್ಲಿಡುವ” ಎಂಬ ಮಾತಿರುವುದರಿಂದಲೇ ಜೈಲಿನವರು ಈ ಕಾನೂನಿನೊಳಗೆ ಬರುವುದು. ಆದರೆ ಅದೇ ವಾಕ್ಯದಲ್ಲಿ ಮುಂದೆ “ಮತ್ತು” ಇದೆ: ಮತ್ತು, ಶಾಸನ ಕೊಟ್ಟ ಅರೆಸ್ಟ್ ಮಾಡುವ ಅಧಿಕಾರ ಇರಬೇಕು. ಇಲಾಖೆ ಗನ್ ಒಯ್ಯಲು ಅನುಮತಿ ಕೊಟ್ಟಿರಬೇಕು. ಗುರಿ ಪರೀಕ್ಷೆಯ ನಿಯಮವಿದ್ದರೆ ಅದರಲ್ಲಿ ಪಾಸಾಗಿರಬೇಕು. ಪೊಲೀಸ್ ಅಧಿಕಾರ ಕಳೆದುಕೊಳ್ಳುವಂಥ ಶಿಸ್ತಿನ ವಿಚಾರಣೆ ಬಾಕಿ ಇರಬಾರದು. ಕುಡಿದಿರಬಾರದು. ಫೆಡರಲ್ ಕಾನೂನಿನಡಿ ಗನ್ ನಿಷೇಧಕ್ಕೆ ಒಳಗಾಗಿರಬಾರದು.

ಆ “ಮತ್ತು” ಎಷ್ಟು ಜನರನ್ನು ಹೊರಗೆ ನಿಲ್ಲಿಸುತ್ತದೆ ಅಂದರೆ ನಿಮಗೆ ಆಶ್ಚರ್ಯವಾಗಬಹುದು. ಟೆಕ್ಸಸ್‌ನಲ್ಲಿ ರಾಜ್ಯ ಜೈಲುಗಳ ಕರೆಕ್ಷನಲ್ ಆಫೀಸರುಗಳು ಅಲ್ಲಿನ ಕಾನೂನಿನ ಪ್ರಕಾರ ಪೀಸ್ ಆಫೀಸರುಗಳಲ್ಲ, ಅಂದರೆ ಪೊಲೀಸರ ಹಾಗೆ ಅರೆಸ್ಟ್ ಅಧಿಕಾರ ಇರುವವರ ಸಾಲಿಗೆ ಸೇರಿಲ್ಲ. ಗನ್ ಅಂದರೆ ಟೆಕ್ಸಸ್ ಅನ್ನುವ ನಾಡಿನಲ್ಲೇ ಹೀಗೆ. ನ್ಯೂಯಾರ್ಕ್‌ನಲ್ಲಿ ಗನ್ ಕಾನೂನು ಬಿಗಿ, ಆದರೆ ಅಲ್ಲಿ ಅದೇ ಕೆಲಸ ಮಾಡುವವರು ಪೀಸ್ ಆಫೀಸರುಗಳು. ಖಾಸಗಿ ಕಂಪನಿ ನಡೆಸುವ ಜೈಲುಗಳ ಕಾವಲಿನವರು ಸರ್ಕಾರಿ ನೌಕರರಲ್ಲ, ಹಾಗಾಗಿ ಮೊದಲ ಮೆಟ್ಟಿಲಲ್ಲೇ ಹೊರಗೆ. ಒಳಗಿನ ಖೈದಿಗಳು, ಅಪಾಯ, ದಾರಿ ಎಲ್ಲ ಒಂದೇ ಥರ ಇದ್ದರೂ ಹೊರಗೆ. ಫೆಡರಲ್ ಜೈಲುಗಳದ್ದು ಇನ್ನೊಂದು ತಮಾಷೆ. ಅಲ್ಲಿ ಅಡುಗೆಮನೆ ನೋಡಿಕೊಳ್ಳುವವರು, ಖೈದಿಗಳಿಗೆ ಪಾಠ ಹೇಳುವ ನಿಮ್ಮಂಥ ಮೇಷ್ಟ್ರುಗಳು ಕೂಡ ಮೊದಲು ಕರೆಕ್ಷನಲ್ ವರ್ಕರ್, ಆಮೇಲೆ ಅಡುಗೆಯವರು, ಮೇಷ್ಟ್ರು. ಸಿಬ್ಬಂದಿಗೆ ಅರೆಸ್ಟ್ ಅಧಿಕಾರ ಕೊಡುವ ಒಂದು ಕಲಮೇ ಅವರಿಗಿದೆ.

ದೂರ ಯಾಕೆ, ಕ್ಯಾಲಿಫೋರ್ನಿಯಾವನ್ನೇ ತೆಗೆದುಕೊಳ್ಳಿ. ಅಲ್ಲಿನ ದಂಡ ಸಂಹಿತೆಯಲ್ಲಿ ರಾಜ್ಯ ಜೈಲಿನ ಆಫೀಸರುಗಳ ಕಲಂ 830.5. ಅದರ ಪ್ರಕಾರ ಅವರು ಪೀಸ್ ಆಫೀಸರುಗಳು, ಡ್ಯೂಟಿ ಇಲ್ಲದಾಗಲೂ ಗನ್ ಇಟ್ಟುಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಗುರಿ ಪರೀಕ್ಷೆ ಪಾಸು ಮಾಡಬೇಕು, ಅದನ್ನು ನೆನಪಿಟ್ಟುಕೊಳ್ಳುವುದು ಆಫೀಸರನದೇ ಜವಾಬ್ದಾರಿ. ಈಗ ಪುಟ ತಿರುಗಿಸಿ ಕಲಂ 831 ನೋಡಿ. ಅದು ನಗರ ಮತ್ತು ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಸ್ಥಳೀಯ ಜೈಲುಗಳ ಕಸ್ಟೋಡಿಯಲ್ ಆಫೀಸರುಗಳದ್ದು. ಅವರು ಪೀಸ್ ಆಫೀಸರುಗಳಲ್ಲ, ಕೆಲಸದ ವೇಳೆಯಲ್ಲಿ ಗನ್ ಇಟ್ಟುಕೊಳ್ಳುವ ಹಕ್ಕೇ ಅವರಿಗಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಎರಡೂ ಕಡೆ ಯೂನಿಫಾರ್ಮು, ಎರಡೂ ಕಡೆ ಕೀಲಿಗೊಂಚಲು. ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ನಿಮ್ಮ ಮಗನಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: “ನೀನು 830.5ಆ, 831ಆ?” ಸ್ಟೇಟ್ ಜೈಲು ಅಂತ ಬರೆದಿದ್ದೀರಿ, ಹಾಗಾಗಿ 830.5 ಇರಬೇಕು. ಮನೆ ಹತ್ತಿರ ಅಂತ ನಾಳೆ ಕೌಂಟಿ ಜೈಲಿಗೆ ಕೆಲಸ ಬದಲಿಸಿದರೆ ಈ ಪ್ರಶ್ನೆಯನ್ನು ಮತ್ತೆ ಕೇಳಿ.

ಅರೆಸ್ಟ್ ಅಧಿಕಾರ ಅಂದರೆ ಎಷ್ಟಿರಬೇಕು? ಪೊಲೀಸರ ಹಾಗೆ ಯಾರನ್ನು ಬೇಕಾದರೂ ಹಿಡಿಯುವಷ್ಟೇ, ಸ್ವಲ್ಪ ಇದ್ದರೂ ಸಾಕೇ? ಇದು ವಾಷಿಂಗ್ಟನ್ ಡಿಸಿಯಲ್ಲಿ ಕೋರ್ಟಿಗೆ ಹೋಯಿತು. ನಿವೃತ್ತ ಜೈಲು ಆಫೀಸರುಗಳು ಕೆಲವರು ಲಿಯೋಸಾ ಅಡಿಯಲ್ಲಿ ಗನ್ ಇಟ್ಟುಕೊಳ್ಳಲು ಕಾಗದ ಕೇಳಿದರು. ನಿಮಗೆ ಅರೆಸ್ಟ್ ಅಧಿಕಾರ ಇರಲಿಲ್ಲ ಎಂದು ಜೈಲು ಇಲಾಖೆ ನಿರಾಕರಿಸಿತು. ಪೆರೋಲ್ ಮುರಿದವರ ಮೇಲಿನ ವಾರಂಟ್ ಜಾರಿ ಮಾಡುವ ಅಧಿಕಾರ ನಮಗಿತ್ತಲ್ಲ ಎಂದು ಅವರು ವಾದಿಸಿದರು. 2016ರಲ್ಲಿ ಡಿಸಿ ಸರ್ಕ್ಯೂಟ್ ಅಪೀಲು ಕೋರ್ಟು ಡುಬೆರಿ ಪ್ರಕರಣದಲ್ಲಿ ಆಫೀಸರುಗಳ ಪರ ನಿಂತಿತು. ಇದು ಕೋರ್ಟಿನಲ್ಲಿ ಕೇಳಬಹುದಾದ ಹಕ್ಕು, ಅಧಿಕಾರ ಇತ್ತೋ ಇಲ್ಲವೋ ಎಂಬುದನ್ನು ಶಾಸನ ಹೇಳುತ್ತದೆ, ಇಲಾಖೆ ತನಗೆ ಬೇಕಾದ ಹಾಗೆ ಹೇಳುವಂತಿಲ್ಲ ಅನ್ನುವುದು ಅದರ ತಿರುಳು. ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ದಶಕಗಳ ಕಾಲ ದುಡಿಸಿಕೊಂಡು, ಹೊರಗೆ ಬಂದ ಮೇಲೆ “ನೀನು ಯಾರು?” ಅಂತ ಕೇಳುವುದು ನ್ಯಾಯವಲ್ಲ. ಆದರೆ ಬೇರೆ ರಾಜ್ಯಗಳ ಕೋರ್ಟುಗಳು ಈ ತೀರ್ಪಿಗೆ ಕಟ್ಟುಬಿದ್ದಿಲ್ಲ.

ನಿವೃತ್ತಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ: ಕೆಲಸ ಬಿಟ್ಟ ಮೇಲೂ ಈ ರಕ್ಷಣೆ ಬೇಕೆಂದರೆ ಒಟ್ಟು 10 ವರ್ಷ ಸೇವೆ ಮಾಡಿರಬೇಕು. ಮೊದಲು 15 ಇತ್ತು, 2010ರಲ್ಲಿ ಇಳಿಸಿದರು. ಮೂರು ವರ್ಷಕ್ಕೇ ಬಿಟ್ಟು ಬಂದರೆ, ಡ್ಯೂಟಿಯಲ್ಲಿ ಪೆಟ್ಟಾಗಿ ಬಿಡಬೇಕಾಗಿ ಬಂದಿದ್ದರೆ ಹೊರತು, ಏನೂ ಉಳಿಯುವುದಿಲ್ಲ.

ಸರಿ, ನಿಮ್ಮ ಮಗ ಅರ್ಹ ಅಂತಲೇ ಇಟ್ಟುಕೊಳ್ಳೋಣ. ಲಿಯೋಸಾ ಯಾವುದರಿಂದ ಕಾಪಾಡುತ್ತದೆ? ರಾಜ್ಯಗಳ ಕಾನೂನಿನಿಂದ ಮಾತ್ರ. ಫೆಡರಲ್ ಕಾನೂನಿನಿಂದ ಇಲ್ಲ. ಇದನ್ನು ಬಹಳಷ್ಟು ಆಫೀಸರುಗಳೇ ಗಮನಿಸಿರುವುದಿಲ್ಲ. ಶಾಲೆಯ ಸುತ್ತ 1,000 ಅಡಿಯೊಳಗೆ ಗನ್ ತರಬಾರದು ಅನ್ನುವ ಫೆಡರಲ್ ಕಾನೂನೊಂದಿದೆ. 1990ರಲ್ಲಿ ಬಂತು, 1995ರಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು, 1996ರಲ್ಲಿ ಮಾತು ತಿದ್ದಿಕೊಂಡು ಮತ್ತೆ ಬಂತು. ಅದರಲ್ಲಿ ಪೊಲೀಸರಿಗೆ ವಿನಾಯಿತಿ ಇದೆ, ಆದರೆ ಡ್ಯೂಟಿಯಲ್ಲಿದ್ದಾಗ. ರಜೆಯಲ್ಲಿ ಅಪ್ಪ ಅಮ್ಮನಿಗೆ ಊರು ತೋರಿಸುವುದು ಡ್ಯೂಟಿಯಲ್ಲ. ಆ ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದರೆ ಅಡ್ಡಿಯಿಲ್ಲ. ಗನ್ ಖಾಲಿಯಾಗಿದ್ದು ಲಾಕ್ ಮಾಡಿದ ಪೆಟ್ಟಿಗೆಯಲ್ಲಿದ್ದರೂ ಅಡ್ಡಿಯಿಲ್ಲ. ಸುಮ್ಮನೆ ದಾರಿಯಲ್ಲಿ ಶಾಲೆ ಮುಂದೆ ಹಾದುಹೋದ ಆಫೀಸರನನ್ನು ಇದೊಂದಕ್ಕಾಗಿಯೇ ಹಿಡಿದ ಕೇಸು ನನ್ನ ಕೈಗೆ ಬಂದಿಲ್ಲ. ಆದರೆ ಬೇರೇನೋ ಎಡವಟ್ಟಾದಾಗ ಇದನ್ನೂ ಸೇರಿಸುತ್ತಾರೆ.

ಇದೇ ಕಾರಣಕ್ಕೆ, ಲಿಯೋಸಾ ಇದ್ದರೂ ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಹತ್ತಿರ ಸಾಮಾನ್ಯ ನಾಗರಿಕರ ಲೈಸೆನ್ಸನ್ನೂ ಮಾಡಿಸಿಟ್ಟುಕೋ ಅಂತ ನಾನು ಆಫೀಸರುಗಳಿಗೆ ಹೇಳುವುದು. 2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ, ನಿನಗೇನು ವಿಶೇಷ ಅಗತ್ಯ ಅಂತ ಕೇಳಿ ಲೈಸೆನ್ಸ್ ನಿರಾಕರಿಸುವ ಹಾಗಿಲ್ಲ. ನಿಮ್ಮ ಮಗನ ಕ್ಯಾಲಿಫೋರ್ನಿಯಾದಲ್ಲೇ ಈ ಲೈಸೆನ್ಸ್ ಬೇಕಾಗುವ ಸಂದರ್ಭ ಬರುತ್ತದೆ.

ನಿಮ್ಮ ಪ್ರವಾಸದ ದಾರಿಯಲ್ಲೇ ಹೋಗೋಣ. ನೆವಾಡಾದಲ್ಲಿ ಗನ್ ಬಚ್ಚಿಟ್ಟುಕೊಳ್ಳಲು ಲೈಸೆನ್ಸ್ ಬೇಕು, ಅಲ್ಲಿ ಲಿಯೋಸಾ ನಿಜವಾಗಿ ಕೆಲಸಕ್ಕೆ ಬರುತ್ತದೆ. ಆದರೆ ಲಾಸ್ ವೇಗಸ್‌ನ ಕ್ಯಾಸಿನೊ ಖಾಸಗಿ ಜಾಗ. ಖಾಸಗಿ ಜಾಗದ ಮಾಲೀಕ ಗನ್ ಬೇಡ ಅನ್ನಬಹುದು ಎಂಬ ರಾಜ್ಯ ಕಾನೂನನ್ನು ಲಿಯೋಸಾ ಮುಟ್ಟುವುದಿಲ್ಲ. ಅಲ್ಲಿ ಯಾರಾದರೂ ಬಂದು ಹೊರಗಿಡಿ ಅಂದರೆ ಕಾರ್ಡು ತೋರಿಸಿ ವಾದ ಮಾಡುವುದು ಬೇಡ, ಹೊರಗೆ ಹೋಗಲಿ. ಒಂದು ಬಿಯರ್ ಕುಡಿದರೂ ಸೊಂಟದಲ್ಲಿ ಗನ್ ಬೇಡ ಅನ್ನುವುದು ನನ್ನ ಮಾತು. ಕಾನೂನು ನಶೆಯಲ್ಲಿರಬಾರದು ಅನ್ನುತ್ತದೆ. ನಶೆ ಎಷ್ಟಕ್ಕೆ ಶುರುವಾಯಿತು ಅನ್ನುವುದನ್ನು ಆಮೇಲೆ ಕೋರ್ಟಿನಲ್ಲಿ ಅಳೆಯುವ ಪಾಡು ಯಾಕೆ?

ಹೂವರ್ ಡ್ಯಾಮ್ ಫೆಡರಲ್ ಸರ್ಕಾರದ್ದು. ಒಳಗಿನ ಟೂರಿಗೆ ಗನ್ ಒಯ್ಯುವಂತಿಲ್ಲ. ಅಲ್ಲಿಂದ ದಾಟಿದರೆ ಅರಿಝೋನಾ. ಅಲ್ಲಿ 2010ರಿಂದ 21 ವರ್ಷ ತುಂಬಿದ ಅರ್ಹರು ಲೈಸೆನ್ಸೇ ಇಲ್ಲದೆ ಗನ್ ಬಚ್ಚಿಟ್ಟುಕೊಂಡು ಓಡಾಡಬಹುದು. ಅಲ್ಲಿ ನಿಮ್ಮ ಮಗನಿಗೆ ವಿನಾಯಿತಿಯೇ ಬೇಕಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ ನ್ಯಾಷನಲ್ ಪಾರ್ಕಿನಲ್ಲಿ 2010ರ ಫೆಬ್ರವರಿಯಿಂದ ಆಯಾ ರಾಜ್ಯದ ಗನ್ ನಿಯಮವೇ ನಡೆಯುತ್ತದೆ. ಈ ಬದಲಾವಣೆ ಬಂದದ್ದು ಕ್ರೆಡಿಟ್ ಕಾರ್ಡ್ ಕಂಪನಿಗಳ ಮೇಲಿನ ಒಂದು ಕಾನೂನಿನೊಳಗೆ ಸೇರಿಕೊಂಡು! ಅಮೆರಿಕದ ಸಂಸತ್ತಿನಲ್ಲಿ ಇದು ಮಾಮೂಲಿ. ಪಾರ್ಕಿನಲ್ಲಿ ಬೆಟ್ಟ ನೋಡುವಾಗ ಗನ್ ಇರಬಹುದು, ಆದರೆ ವಿಸಿಟರ್ ಸೆಂಟರಿನ ಬಾಗಿಲು ದಾಟುವ ಹಾಗಿಲ್ಲ. ಅದು ಫೆಡರಲ್ ಕಟ್ಟಡ. ಬಾಗಿಲಲ್ಲಿ ಬೋರ್ಡ್ ಇರುತ್ತದೆ. ವಿಮಾನದ ಕ್ಯಾಬಿನ್ನಿಗೂ ಲಿಯೋಸಾ ನಡೆಯುವುದಿಲ್ಲ.

ಹೀಗೆ ಇಲ್ಲಿ ತೆಗಿ, ಅಲ್ಲಿ ಹಾಕು ಅಂತ ನಡೆದಾಗ ಗನ್ ಉಳಿಯುವುದು ಕಾರಿನಲ್ಲಿ. ನನಗೆ ಜಾಸ್ತಿ ಭಯ ಇರುವುದು ಇಲ್ಲೇ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪಿಯರ್ 14ರಲ್ಲಿ ಅಪ್ಪನ ಜೊತೆ ನಡೆಯುತ್ತಿದ್ದ ಯುವತಿಯೊಬ್ಬಳು ಗುಂಡು ತಗುಲಿ ಸತ್ತಳು. ಆ ಪಿಸ್ತೂಲು ಒಬ್ಬ ಫೆಡರಲ್ ರೇಂಜರನ ಕಾರಿನಿಂದ ಕಳುವಾದದ್ದು. ಆಮೇಲೆ ಕ್ಯಾಲಿಫೋರ್ನಿಯಾ ಕಾನೂನು ಬಿಗಿ ಮಾಡಿತು. 2017ರಿಂದ ಪೊಲೀಸರೂ, ಪೀಸ್ ಆಫೀಸರುಗಳೂ ನಿಲ್ಲಿಸಿದ ಕಾರಿನಲ್ಲಿ ಪಿಸ್ತೂಲು ಬಿಟ್ಟುಹೋಗಬೇಕಾದರೆ ಡಿಕ್ಕಿಯಲ್ಲಿ, ಇಲ್ಲವೇ ಹೊರಗೆ ಕಾಣದ ಹಾಗೆ ಲಾಕ್ ಪೆಟ್ಟಿಗೆಯಲ್ಲಿ ಇಡಬೇಕು. ಸೀಟಿನ ಕೆಳಗೆ ತುರುಕಿ ಮೇಲೆ ಟವೆಲ್ ಹಾಕಿದರೆ ನಡೆಯುವುದಿಲ್ಲ. ಕಾರಿಗೆ ಬೋಲ್ಟ್ ಹಾಕಿದ ಸಣ್ಣ ಉಕ್ಕಿನ ಪೆಟ್ಟಿಗೆ ಇದೆಯಾ ಅಂತ ಹೊರಡುವ ಮೊದಲು ಕೇಳಿ. ಮೊಮ್ಮಕ್ಕಳಿದ್ದರೆ ಮನೆಯಲ್ಲೂ ಸೇಫ್ ಕಡ್ಡಾಯ ಅಂತಲೇ ತಿಳಿಯಿರಿ.

ಈಗ ನಿಮ್ಮ ಸೋದರಳಿಯನ ಆಸೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಸರ್ಕಾರ ಪರೀಕ್ಷೆ ಮಾಡಿ ಒಪ್ಪಿದ ಪಿಸ್ತೂಲುಗಳ ಪಟ್ಟಿ ಇದೆ. ಜನ ಅದನ್ನು ರೋಸ್ಟರ್ ಅನ್ನುತ್ತಾರೆ. ಅದರಲ್ಲಿಲ್ಲದ ಹೊಸ ಮಾಡೆಲ್ಲುಗಳನ್ನು ಅಂಗಡಿಯವರು ಸಾಮಾನ್ಯರಿಗೆ ಮಾರುವಂತಿಲ್ಲ. ರಾಜ್ಯ ಜೈಲು ಇಲಾಖೆಯ ಆಫೀಸರುಗಳಿಗೆ ಈ ಪಟ್ಟಿಯಿಂದ ವಿನಾಯಿತಿ ಇದೆ. ಸೋದರಳಿಯನ ಕಣ್ಣು ಅದರ ಮೇಲೆ. ದುಡ್ಡು ಅವನದು, ಹೆಸರು ನಿಮ್ಮ ಮಗನದು. ಸಂಬಂಧಿಕರಲ್ಲಿ ಇದೇನು ದೊಡ್ಡ ವಿಷಯ ಅನ್ನಿಸುತ್ತದೆ ಅಲ್ವಾ?

ವರ್ಜೀನಿಯಾದ ಅಬ್ರಾಮ್ಸ್ಕಿ ಎಂಬಾತನಿಗೂ ಹಾಗೇ ಅನ್ನಿಸಿತ್ತು. ಆತ ಹಿಂದೆ ಪೊಲೀಸಾಗಿದ್ದವನು. ಹಳೆಯ ಪೊಲೀಸ್ ಗುರುತುಚೀಟಿ ತೋರಿಸಿದರೆ ಗ್ಲಾಕ್ ಪಿಸ್ತೂಲು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ತನ್ನ ಅಂಕಲ್‌ಗಾಗಿ ಕೊಂಡ. ದುಡ್ಡು ಅಂಕಲ್‌ನದು. ಆ ಅಂಕಲ್‌ಗೂ ಗನ್ ಇಟ್ಟುಕೊಳ್ಳುವ ಹಕ್ಕು ಪೂರ್ತಿ ಇತ್ತು. ಆದರೂ ಅಂಗಡಿಯ 4473 ನಂಬರಿನ ಫಾರ್ಮಿನಲ್ಲಿ “ನಿಜವಾದ ಕೊಳ್ಳುವವನು ನೀನೇನಾ?” ಅನ್ನುವ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದ್ದೇ ಅಪರಾಧವಾಯಿತು. 2014ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಶಿಕ್ಷೆ ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾದಲ್ಲೂ ಪಟ್ಟಿಯಲ್ಲಿಲ್ಲದ ಪಿಸ್ತೂಲುಗಳನ್ನು ಕೊಂಡು ಬೇರೆಯವರಿಗೆ ಮಾರಿದ ಪೊಲೀಸ್ ಅಧಿಕಾರಿಗಳು ಫೆಡರಲ್ ಕೇಸಿಗೆ ಸಿಕ್ಕಿದ್ದಾರೆ. ಸೋದರಳಿಯನಿಗೆ ಬೇಜಾರಾದರೂ ಪರವಾಗಿಲ್ಲ, ಆಗುವುದಿಲ್ಲ ಅನ್ನಿ. ನಿಮ್ಮ ತಂಗಿಗೆ ನೀವೇ ಫೋನ್ ಮಾಡಿ ಹೇಳುವುದು ಒಳ್ಳೆಯದು.

ಇನ್ನೊಂದನ್ನು ನೀವು ಕೇಳಿಲ್ಲ, ಕೇಳುವ ವಿಷಯವೂ ಅಲ್ಲ. ಆದರೂ ಹೇಳಬೇಕು. 1996ರಿಂದ ಒಂದು ಫೆಡರಲ್ ನಿಯಮ ಇದೆ. ಹೆಂಡತಿಯ ಮೇಲೆ ಅಥವಾ ಮನೆಯವರ ಮೇಲೆ ಕೈಮಾಡಿದ ಸಣ್ಣ ಪ್ರಕರಣದಲ್ಲಿ ಶಿಕ್ಷೆಯಾದರೂ ಗನ್ ಮುಟ್ಟುವಂತಿಲ್ಲ. ಬೇರೆ ಎಷ್ಟೋ ನಿಷೇಧಗಳಲ್ಲಿ ಸರ್ಕಾರಿ ಕೆಲಸಕ್ಕೆ ಕೊಟ್ಟ ಗನ್ನಿಗೆ ವಿನಾಯಿತಿ ಉಂಟು. ಇದರಲ್ಲಿ ಇಲ್ಲ. ಸೈನಿಕನಾಗಲಿ, ಪೊಲೀಸಾಗಲಿ, ಟವರಿನ ಮೇಲೆ ಕೂತ ಜೈಲು ಆಫೀಸರಾಗಲಿ, ಡ್ಯೂಟಿಯ ಗನ್ನೂ ಹೋಯಿತು. ಜೊತೆಗೆ ಕೆಲಸವೂ ಹೋದ ಹಾಗೆಯೇ. ಎಲ್ಲ ವಿನಾಯಿತಿಗಳಿಗೂ ಮೇಲೆ ಕೂತಿರುವ ಗೋಡೆ ಇದು, ನನಗೆ ಇದರ ಬಗ್ಗೆ ತಕರಾರಿಲ್ಲ.

ನಮ್ಮ ಕಡೆ ಹೇಗೆ ಅನ್ನುವ ಕುತೂಹಲ ನಿಮಗಿರುತ್ತದೆ. ಇಲ್ಲಿ ಲೆಕ್ಕ ಸರಳ. 1959ರ ಆಯುಧ ಕಾಯ್ದೆಯ 45ನೇ ಕಲಂ ಸರ್ಕಾರಿ ನೌಕರ ತನ್ನ ಕರ್ತವ್ಯದ ಭಾಗವಾಗಿ ಒಯ್ಯುವ ಆಯುಧವನ್ನು ಕಾಯ್ದೆಯಿಂದ ಹೊರಗಿಡುತ್ತದೆ. ಡ್ಯೂಟಿ ಮುಗಿಯಿತು, ವಿನಾಯಿತಿಯೂ ಮುಗಿಯಿತು. ಪರಪ್ಪನ ಅಗ್ರಹಾರದ ಜೈಲರಿಗಾಗಲಿ, ಹಿಂಡಲಗಾದ ವಾರ್ಡರಿಗಾಗಲಿ ಸ್ವಂತಕ್ಕೆ ಪಿಸ್ತೂಲು ಬೇಕೆಂದರೆ ಎಲ್ಲರ ಹಾಗೆ ಅರ್ಜಿ ಹಾಕಿ ಲೈಸೆನ್ಸ್ ತೆಗೆದುಕೊಳ್ಳಬೇಕು. ನಮ್ಮಲ್ಲಿ ಡ್ಯೂಟಿ ಮೀರಿದ ವಿನಾಯಿತಿ ಅಂದರೆ ನೆನಪಾಗುವುದು ಕೊಡಗು. ಕೊಡವರಿಗೂ ಜಮ್ಮಾ ಭೂಮಿ ಇರುವವರಿಗೂ ಕೋವಿ ಲೈಸೆನ್ಸಿನಿಂದ ಕೊಟ್ಟ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಅದು ಮನೆತನಕ್ಕೆ, ನೆಲಕ್ಕೆ ಅಂಟಿದ್ದು. ನಿಮ್ಮ ಮಗನದು ಕೆಲಸಕ್ಕೆ ಅಂಟಿದ್ದು.

ಹಾಗಾಗಿ ನೀವು ವಿಮಾನ ಹತ್ತುವ ಮೊದಲು ಅವನಿಗೆ ಒಂದು ಕೆಲಸ ಹೇಳಿ. ಇಲಾಖೆಯಿಂದ ಒಂದು ಸಾಲಿನ ಇಮೇಲ್ ಆದರೂ ತರಿಸಿಕೊಳ್ಳಲಿ: ತನ್ನ ಹುದ್ದೆ ಲಿಯೋಸಾ ಒಳಗೆ ಬರುತ್ತದೆ ಎಂದು ಇಲಾಖೆ ಒಪ್ಪುತ್ತದೆಯೇ, ಈಚಿನ ಗುರಿ ಪರೀಕ್ಷೆಯ ದಾಖಲೆ ಸರಿಯಾಗಿದೆಯೇ? ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನ ಮಾತು ದಾಖಲೆಯಲ್ಲ. ಗುರುತುಚೀಟಿ ಗನ್ ಇದ್ದ ಕಡೆಯೇ ಇರಲಿ. ಚೀಟಿ ಮನೆಯಲ್ಲಿ ಮರೆತು ಬಂದ ದಿನ ಆತ ಆ ಕಾನೂನಿನ ಕಣ್ಣಲ್ಲಿ ಆಫೀಸರ್ ಅಲ್ಲ.

ಇನ್ನು ಅವನು ನಿಮ್ಮ ಜೊತೆ ಊರಿಗೆ ಬರುವುದಿದ್ದರೆ, ಗನ್ ತರಬೇಡ ಅಂತ ಹೇಳಬೇಕಾಗಿಲ್ಲ, ಅವನಿಗೆ ಗೊತ್ತಿರುತ್ತದೆ. ಆದರೆ ರೇಂಜಿಗೆ ಒಯ್ಯುವ ಬ್ಯಾಗನ್ನೇ ಪ್ರಯಾಣಕ್ಕೂ ತರುವವರಿದ್ದಾರೆ. ಅದರ ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಭಾರತದ ವಿಮಾನ ನಿಲ್ದಾಣಗಳ ಎಕ್ಸ್‌ರೇಯಲ್ಲಿ ಕಂಡು ಆಯುಧ ಕಾಯ್ದೆಯಡಿ ಕೇಸಾದದ್ದು ಎಷ್ಟೋ ಇವೆ. ಗೊತ್ತಿಲ್ಲದೆ ಉಳಿದದ್ದು ಎಂದು ಮನವರಿಕೆಯಾದರೆ ಕೋರ್ಟುಗಳು ಅಂಥ ಕೇಸುಗಳನ್ನು ರದ್ದು ಮಾಡಿವೆ. ಆದರೆ ಅಷ್ಟರಲ್ಲಿ ರಜೆ ಮುಗಿದಿರುತ್ತದೆ, ಹಿಂದಿರುಗುವ ಟಿಕೆಟ್ಟೂ ಹೋಗಿರುತ್ತದೆ. ಹೊರಡುವ ಹಿಂದಿನ ರಾತ್ರಿ ಬ್ಯಾಗನ್ನು ಹಾಸಿಗೆಯ ಮೇಲೆ ಬೋರಲು ಹಾಕಿ, ಜಿಪ್ಪುಗಳನ್ನೆಲ್ಲ ತೆಗೆದು, ಚೆನ್ನಾಗಿ ಕೊಡವಲಿ. ಏನಾದರೂ ಉರುಳಿ ಬಿದ್ದರೆ ಅದನ್ನು ಎತ್ತಿ ಸೇಫಿನಲ್ಲಿಡುವ ಕೆಲಸ ಅವನೇ ಮಾಡಲಿ, ನೀವು ಕೈಹಾಕಬೇಡಿ.